ಸಂಸ್ಥೆಗಳ ಸೈಬರ್ ಭದ್ರತೆಯಲ್ಲಿ ಮನುಷ್ಯ ಮತ್ತು ಸರಳತೆ

ಬ್ಯಾಂಕು, ಆಸ್ಪತ್ರೆ, ಕಾರ್ಖಾನೆ, ಸರ್ಕಾರಿ ಕಚೇರಿ ಮುಂತಾದ ಯಾವುದೇ ಸಂಸ್ಥೆಯ ಗಣಕಗಳು, ಅವುಗಳನ್ನು ಬೆಸೆದಿರುವ ಜಾಲ ಮತ್ತು ಅಲ್ಲಿ ಶೇಖರವಾಗಿರುವ ಮಾಹಿತಿ ಅನ್ಯರ ಕೈಸೇರದಂತೆ, ಕೆಡದಂತೆ, ಬೇಕಾದವರಿಗೆ ಬೇಕಾದಾಗ ದೊರೆಯುವಂತೆ ಕಾಪಾಡುವ ಕಾರ್ಯಕ್ಕೆ ಸೈಬರ್ ಭದ್ರತೆ ಎಂದು ಹೆಸರು. ಈ ವಿಷಯದ ಚರ್ಚೆ ಬಹುಮಟ್ಟಿಗೆ ಯಂತ್ರ ಮತ್ತು ತಂತ್ರಾಂಶಗಳ ಸುತ್ತಲೇ ನಡೆಯುತ್ತದೆ. ಹೊರಗಿನ ಜಾಲದಿಂದ ಒಳಬರುವ ಸಂಚಾರವನ್ನು ತಡೆದು ಪರೀಕ್ಷಿಸುವ ಫೈರ್‌ವಾಲ್, ಕೇಡಿನ ತಂತ್ರಾಂಶವನ್ನು ಪತ್ತೆಹಚ್ಚುವ ಆಂಟಿವೈರಸ್, ಇವುಗಳ ಖರೀದಿಗೆ ವರ್ಷದಿಂದ ವರ್ಷಕ್ಕೆ ಹಣ ಮೀಸಲಾಗುತ್ತದೆ. ಮನುಷ್ಯನ ಪ್ರಸ್ತಾಪ ಬರುವುದು ಹಾನಿ ಸಂಭವಿಸಿದ ಮೇಲೆ, ಅದೂ ಆರೋಪಿಯ ಸ್ಥಾನದಲ್ಲಿ. ಸರಪಳಿಯಲ್ಲಿ ಮನುಷ್ಯನೇ ದುರ್ಬಲ ಕೊಂಡಿ ಎಂಬ ಮಾತು ಈ ಕ್ಷೇತ್ರದಲ್ಲಿ ಗಾದೆಯಷ್ಟು ಸಲೀಸಾಗಿ ಚಲಾವಣೆಯಲ್ಲಿದೆ. ಆದರೆ ಕಳೆದ ಕೆಲವು ದಶಕಗಳ ದೊಡ್ಡ ಪ್ರಕರಣಗಳನ್ನು ಸಾವಧಾನವಾಗಿ ಪರಿಶೀಲಿಸಿದರೆ ಬೇರೆಯೇ ಸಂಗತಿ ಗೋಚರಿಸುತ್ತದೆ: ಯಂತ್ರಗಳೆಲ್ಲ ಸುಮ್ಮನಿದ್ದಾಗ ಅಪಾಯವನ್ನು ಗುರುತಿಸಿದವನು ಎಷ್ಟೋ ವೇಳೆ ಒಬ್ಬ ಸಾಮಾನ್ಯ ನೌಕರ, ಮತ್ತು ನೌಕರ ಎಡವಿದ ಕಡೆಗಳಲ್ಲಿ ಸರಿಯಾದ ದಾರಿಯನ್ನು ದುರ್ಗಮಗೊಳಿಸಿದ್ದು ಸಂಸ್ಥೆಯದೇ ವ್ಯವಸ್ಥೆ.

ಈ ತಿಳಿವಳಿಕೆ ಹೊಸದೇನಲ್ಲ. ಡಚ್ ಮೂಲದವನಾಗಿ ಪ್ಯಾರಿಸಿನಲ್ಲಿ ಭಾಷಾ ಬೋಧಕನಾಗಿದ್ದ ಆಗಸ್ಟ್ ಕೆರ್ಕಾಫ್ಸ್ 1883ರಲ್ಲಿ ಫ್ರಾನ್ಸಿನ ಸೇನಾವಿಜ್ಞಾನ ಪತ್ರಿಕೆಯೊಂದರಲ್ಲಿ ಯುದ್ಧಕಾಲದ ಗುಪ್ತಲಿಪಿಗಳನ್ನು ಕುರಿತು ಬರೆದ ಲೇಖನದಲ್ಲಿ ಆರು ನಿಯಮಗಳನ್ನು ವಿಧಿಸಿದ್ದನು. ಅವುಗಳಲ್ಲಿ ಎರಡನೆಯದು, ಅಂದರೆ ಗುಪ್ತಲಿಪಿಯ ವಿಧಾನವು ಶತ್ರುವಿನ ಕೈಗೆ ಸಿಕ್ಕರೂ ತೊಂದರೆಯಾಗಬಾರದು ಎಂಬುದು, ಜಗತ್ಪ್ರಸಿದ್ಧವಾಯಿತು. ಆರನೆಯದನ್ನು ನೆನೆಯುವವರು ಕಡಿಮೆ. ಬಳಸುವವನಿಗೆ ವ್ಯವಸ್ಥೆ ಸುಲಭವಾಗಿರಬೇಕು, ಮನಸ್ಸಿಗೆ ಆಯಾಸ ತರಬಾರದು, ನಿಯಮಗಳ ಉದ್ದನೆಯ ಪಟ್ಟಿಯನ್ನು ಕಂಠಪಾಠ ಮಾಡುವ ಅಗತ್ಯ ಬೀಳಬಾರದು ಎಂದು ಅದು ಹೇಳುತ್ತದೆ. ರಣರಂಗದಲ್ಲಿ ಟೆಲಿಗ್ರಾಫ್ ಯಂತ್ರದ ಮುಂದೆ ಕುಳಿತ ಸೈನಿಕನ ಮನಃಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡು ರೂಪುಗೊಂಡ ನಿಯಮವದು. 1975ರಲ್ಲಿ ಅಮೆರಿಕದ ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ ಗಣಕಗಳಲ್ಲಿನ ಮಾಹಿತಿ ರಕ್ಷಣೆಯನ್ನು ಕುರಿತು ಬರೆದ ಪ್ರಬಂಧವು ಇದೇ ವಿಚಾರಕ್ಕೆ ಶಾಸ್ತ್ರೀಯ ರೂಪ ನೀಡಿತು. ರಕ್ಷಣೆಯ ರಚನೆ ಆದಷ್ಟೂ ಚಿಕ್ಕದಾಗಿ, ಸರಳವಾಗಿ ಇರಬೇಕು, ಏಕೆಂದರೆ ತೊಡಕಿನ ರಚನೆಯಲ್ಲಿ ಅಡಗಿದ ದೋಷವನ್ನು ಹುಡುಕಿ ತೆಗೆಯುವುದು ಯಾರಿಂದಲೂ ಆಗದು ಎಂಬುದು ಅವರ ಮೊದಲ ತತ್ತ್ವ. ರಕ್ಷಣೆಯ ಕ್ರಮವನ್ನು ಜನ ಅಭ್ಯಾಸಬಲದಿಂದಲೇ ಸರಿಯಾಗಿ ಪಾಲಿಸುವಂತೆ ಅದು ಅವರ ಮನಸ್ಸಿಗೆ ಒಗ್ಗಬೇಕು ಎಂಬುದು ಎಂಟನೆಯದು. ಐವತ್ತು ವರ್ಷಗಳ ತರುವಾಯವೂ ಈ ಎರಡು ತತ್ತ್ವಗಳನ್ನು ಕಡೆಗಣಿಸಿದ ಸಂಸ್ಥೆಗಳೇ ಹೆಚ್ಚು.

ಈ ಮಾತಿಗೆ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನಲ್ಲಿ 2016ರ ಫೆಬ್ರುವರಿಯಲ್ಲಿ ನಡೆದ ಕಳವಿಗಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. ಆ ಬ್ಯಾಂಕು ತನ್ನ ವಿದೇಶಿ ವಿನಿಮಯ ಸಂಗ್ರಹದ ಒಂದು ಭಾಗವನ್ನು ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿ ಇರಿಸಿತ್ತು. ಅಲ್ಲಿಂದ ಹಣ ವರ್ಗಾಯಿಸುವ ಆದೇಶಗಳು ಸ್ವಿಫ್ಟ್ ಎಂಬ ಜಾಲದ ಮೂಲಕ ಸಾಗುತ್ತಿದ್ದವು. ಸ್ವಿಫ್ಟ್ ಹಣವನ್ನು ಸಾಗಿಸುವುದಿಲ್ಲ; ಒಂದು ಬ್ಯಾಂಕಿನ ಆದೇಶವನ್ನು ಇನ್ನೊಂದು ಬ್ಯಾಂಕಿಗೆ ನಂಬಿಕೆಗೆ ಅರ್ಹವಾದ ರೀತಿಯಲ್ಲಿ ತಲಪಿಸುತ್ತದೆ. ಕಳ್ಳರು ಒಂದು ವರ್ಷದ ಮೊದಲೇ, ಕೆಲಸ ಕೋರಿ ಬರೆದ ಅರ್ಜಿಯ ವೇಷದಲ್ಲಿ ಬ್ಯಾಂಕಿನ ಸಿಬ್ಬಂದಿಗೆ ಮಿಂಚಂಚೆಗಳನ್ನು ಕಳಿಸಿದ್ದರು. ಹೀಗೆ ನಂಬಿಕಸ್ಥರ ಸೋಗಿನಲ್ಲಿ ಸಂದೇಶ ಕಳಿಸಿ, ಅದರ ಲಗತ್ತನ್ನು ತೆರೆಯಿಸಿ ಅಥವಾ ಗುಪ್ತಪದವನ್ನು ಹೇಳಿಸಿ ಒಳನುಗ್ಗುವ ವಿಧಾನವೇ ಫಿಶಿಂಗ್. ಹಾಗೆ ಒಳಸೇರಿದವರು ಅವಸರ ಮಾಡದೆ, ಬ್ಯಾಂಕಿನ ಜಾಲದಲ್ಲಿ ಹೆಜ್ಜೆ ಹೆಜ್ಜೆಯಾಗಿ ಮುಂದುವರಿದು ಸ್ವಿಫ್ಟ್ ಗಣಕಗಳವರೆಗೆ ತಲಪಿದರು.

ಅವರು ಆರಿಸಿಕೊಂಡ ವೇಳೆಯನ್ನು ಗಮನಿಸಬೇಕು. ಫೆಬ್ರುವರಿ 4 ಗುರುವಾರ. ಢಾಕಾದಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ, ನ್ಯೂಯಾರ್ಕಿನಲ್ಲಿ ಶನಿವಾರ ಮತ್ತು ಭಾನುವಾರ, ಹಣ ಹೋಗಿ ಸೇರಬೇಕಿದ್ದ ಮನಿಲಾದಲ್ಲಿ ಫೆಬ್ರುವರಿ 8ರ ಸೋಮವಾರ ಚಾಂದ್ರಮಾನ ಹೊಸ ವರ್ಷದ ರಜೆ. ಗುರುವಾರ ರಾತ್ರಿ ಒಟ್ಟು 95.1 ಕೋಟಿ ಡಾಲರುಗಳನ್ನು ವರ್ಗಾಯಿಸುವಂತೆ 35 ಆದೇಶಗಳು ನ್ಯೂಯಾರ್ಕಿಗೆ ಹೋದವು. ಢಾಕಾದ ಬ್ಯಾಂಕಿನಲ್ಲಿ ಸ್ವಿಫ್ಟ್ ವ್ಯವಹಾರಗಳ ವಿವರವನ್ನು ತಾನಾಗಿಯೇ ಅಚ್ಚು ಮಾಡುತ್ತಿದ್ದ ಮುದ್ರಣಯಂತ್ರವೊಂದು ಇತ್ತು. ಪ್ರತಿ ದಿನ ಬೆಳಿಗ್ಗೆ ಅದರ ಹಾಳೆಗಳನ್ನು ತೆಗೆದು ನೋಡುವುದು ಅಲ್ಲಿಯ ಪದ್ಧತಿ. ಕಳ್ಳರ ತಂತ್ರಾಂಶ ಮೊದಲು ನಿಷ್ಕ್ರಿಯಗೊಳಿಸಿದ್ದು ಇದನ್ನೇ. ಶುಕ್ರವಾರ ರಜೆಯಿದ್ದರೂ ಕೆಲಸಕ್ಕೆ ಬಂದ ಸಿಬ್ಬಂದಿಗೆ ಖಾಲಿ ತಟ್ಟೆ ಕಂಡಿತು. ಮುದ್ರಣಯಂತ್ರ ಕೆಡುವುದು ಯಾವ ಕಚೇರಿಯಲ್ಲೂ ಅಪರೂಪವಲ್ಲವಾದ್ದರಿಂದ ನಾಳೆ ನೋಡಿದರಾಯಿತು ಎಂದು ಬಿಟ್ಟರು. ಶನಿವಾರ ಅದನ್ನು ಸರಿಪಡಿಸಿದಾಗ, ಈ ಆದೇಶಗಳು ನಿಜವೇ ಎಂದು ನ್ಯೂಯಾರ್ಕಿನಿಂದ ಬಂದಿದ್ದ ವಿಚಾರಣೆಯ ಸಂದೇಶಗಳು ಹೊರಬಿದ್ದವು. ಕೂಡಲೇ ದೂರವಾಣಿ, ಫ್ಯಾಕ್ಸ್, ಮಿಂಚಂಚೆ ಎಲ್ಲವನ್ನೂ ಪ್ರಯತ್ನಿಸಲಾಯಿತು. ಆದರೆ ನ್ಯೂಯಾರ್ಕಿನಲ್ಲಿ ವಾರದ ರಜೆ, ಉತ್ತರಿಸುವವರು ಯಾರೂ ಇರಲಿಲ್ಲ.

ಇಷ್ಟಾಗಿಯೂ 95 ಕೋಟಿಯಲ್ಲಿ ಹೊರಹೋದದ್ದು ಐದು ಆದೇಶಗಳ 10.1 ಕೋಟಿ ಡಾಲರು ಮಾತ್ರ. ಅದರಲ್ಲಿ 2 ಕೋಟಿ ಶ್ರೀಲಂಕಾದ ಶಾಲಿಕಾ ಫೌಂಡೇಶನ್ ಎಂಬ ಸಂಸ್ಥೆಯ ಹೆಸರಿಗೆ ಹೊರಟಿತ್ತು. ಆದೇಶದಲ್ಲಿ ಫೌಂಡೇಶನ್ ಎಂಬ ಪದದ ಅಕ್ಷರಗಳು ತಪ್ಪಾಗಿದ್ದುದನ್ನು ನಡುವಿನ ಬ್ಯಾಂಕಾದ ಡಾಯ್ಚ ಬ್ಯಾಂಕಿನವರು ಕಂಡು ವಿವರಣೆ ಕೇಳಿದರು. ಶ್ರೀಲಂಕಾದ ಬ್ಯಾಂಕಿನಲ್ಲಿಯೂ ಇಷ್ಟು ದೊಡ್ಡ ಮೊತ್ತ ಇಂಥ ಖಾತೆಗೆ ಬರುವುದು ವಿಚಿತ್ರವೆಂದು ಸಿಬ್ಬಂದಿಗೆ ತೋರಿತು. ಆ ಹಣ ಉಳಿಯಿತು. ಉಳಿದ ಆದೇಶಗಳು ನಿಂತದ್ದಕ್ಕೆ ಕಾರಣವಾದ ಸಂಗತಿ ಇನ್ನೂ ಆಶ್ಚರ್ಯಕರ: ಹಣ ಸೇರಬೇಕಿದ್ದ ಮನಿಲಾದ ಬ್ಯಾಂಕ್ ಶಾಖೆ ಇದ್ದ ಬೀದಿಯ ಹೆಸರು ಜುಪಿಟರ್, ಅದೇ ಹೆಸರು ಇರಾನಿನ ಮೇಲಿನ ಅಮೆರಿಕದ ನಿರ್ಬಂಧಗಳ ಪಟ್ಟಿಯಲ್ಲೂ ಇದ್ದುದರಿಂದ ಆದೇಶಗಳನ್ನು ಕೈಯಿಂದ ಪರಿಶೀಲಿಸುವ ಸಂದರ್ಭ ಒದಗಿತು. ಮನುಷ್ಯನೊಬ್ಬ ಓದತೊಡಗಿದ ಮೇಲೆ ಅನುಮಾನಗಳು ಒಂದೊಂದಾಗಿ ಎದ್ದವು. ಮನಿಲಾ ತಲಪಿದ 8.1 ಕೋಟಿ ಡಾಲರು ಮಾತ್ರ, 2015ರ ಮೇ ತಿಂಗಳಲ್ಲಿ ಸುಳ್ಳು ಗುರುತಿನ ಪತ್ರಗಳಿಂದ ತೆರೆದು ಅಲ್ಲಿಯವರೆಗೆ ನಿಶ್ಚಲವಾಗಿದ್ದ ಖಾತೆಗಳಿಗೆ ಸೇರಿ, ಜೂಜುಕಟ್ಟೆಗಳ ಮೂಲಕ ಕರಗಿಹೋಯಿತು. ಹಣ ತಡೆಹಿಡಿಯಿರಿ ಎಂಬ ಕೋರಿಕೆಯನ್ನು ಢಾಕಾ ಕಳಿಸಿದ ಮೇಲೂ, ಫೆಬ್ರುವರಿ 9ರಂದು, ಅದರ ಬಹುಪಾಲನ್ನು ಖಾತೆಗಳಿಂದ ಹೊರತೆಗೆಯಲು ಸಾಧ್ಯವಾಯಿತು. ಸುಮಾರು 1.5 ಕೋಟಿ ಡಾಲರು ಆ ವರ್ಷದ ಕೊನೆಗೆ ಹಿಂದಿರುಗಿತು. ಬ್ಯಾಂಕಿನ ಗವರ್ನರ್ ಅತಿಯುರ್ ರಹಮಾನ್ ಮಾರ್ಚ್ ತಿಂಗಳಿನಲ್ಲೇ ರಾಜೀನಾಮೆ ನೀಡಿದ್ದರು.

ಮಿಂಚಂಚೆ ತೆರೆದವರೇ ಇದಕ್ಕೆಲ್ಲ ಕಾರಣ ಎಂದು ತೀರ್ಪಿತ್ತರೆ ವಿಚಾರ ಅಲ್ಲಿಗೇ ನಿಂತುಹೋಗುತ್ತದೆ. ಉದ್ಯೋಗಾರ್ಥಿಯ ಪತ್ರವನ್ನು ತೆರೆದು ನೋಡುವುದು ಕಚೇರಿಯ ನಿತ್ಯದ ಕೆಲಸ. ಒಬ್ಬನಲ್ಲ ಒಬ್ಬ ಎಂದಾದರೂ ತೆರೆದೇ ತೆರೆಯುತ್ತಾನೆ. ಒಬ್ಬ ಗುಮಾಸ್ತನ ಗಣಕದಿಂದ ದೇಶದ ಖಜಾನೆಯ ಗಣಕದವರೆಗೆ ಅಡೆತಡೆಯಿಲ್ಲದ ದಾರಿ ಇದ್ದುದೇಕೆ ಎಂಬುದು ಕೇಳಬೇಕಾದ ಪ್ರಶ್ನೆ. ಆ ಬ್ಯಾಂಕಿನಲ್ಲಿ ಫೈರ್‌ವಾಲ್ ಇರಲಿಲ್ಲ, ಜಾಲವನ್ನು ಬೆಸೆಯಲು ಹತ್ತು ಡಾಲರು ಬೆಲೆಯ ಹಳೆಯ ಉಪಕರಣಗಳನ್ನು ಬಳಸಲಾಗಿತ್ತು ಎಂದು ತನಿಖಾಧಿಕಾರಿಗಳು ಅಂದೇ ತಿಳಿಸಿದ್ದರು. ಆದ್ದರಿಂದ ಸರಳತೆಯೆಂದರೆ ಅಗ್ಗದ ವ್ಯವಸ್ಥೆ ಎಂದು ಯಾರೂ ಭಾವಿಸಬಾರದು. ಅತಿ ಮುಖ್ಯವಾದ ಗಣಕಗಳು ಉಳಿದವುಗಳಿಂದ ಪ್ರತ್ಯೇಕವಾಗಿರಬೇಕು, ಮುದ್ರಣಯಂತ್ರ ನಿಂತರೆ ಅದನ್ನು ದುರಸ್ತಿಯ ಸಮಸ್ಯೆಯೆಂದು ತಿಳಿಯುವ ಮೊದಲು ಭದ್ರತೆಯ ಸಮಸ್ಯೆಯೆಂದು ತಿಳಿಯಬೇಕು, ರಜೆಯ ದಿನವೂ ಉತ್ತರ ದೊರೆಯುವ ಒಂದು ದೂರವಾಣಿ ಸಂಖ್ಯೆ ಎರಡೂ ಕಡೆ ಇರಬೇಕು. ಈ ಮೂರು ಏರ್ಪಾಡುಗಳನ್ನು ಒಂದೇ ಹಾಳೆಯಲ್ಲಿ ಬರೆದಿಡಬಹುದು. ಇವುಗಳಿದ್ದಿದ್ದರೆ ಆ ಹಣದ ಬಹುಭಾಗವಾದರೂ ಉಳಿಯುತ್ತಿತ್ತೆಂದು ನಂಬಲು ಆಧಾರವಿದೆ.

ಎರಡೂವರೆ ವರ್ಷಗಳ ಅನಂತರ ಇದೇ ಬಗೆಯ ಪೆಟ್ಟು ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿಗೆ ಬಿದ್ದಿತು. 2018ರ ಆಗಸ್ಟ್ 11 ಎರಡನೆಯ ಶನಿವಾರ, ಭಾರತದ ಬ್ಯಾಂಕುಗಳಿಗೆ ರಜೆ. ಎಟಿಎಂನಿಂದ ಬರುವ ಕೋರಿಕೆಯನ್ನು ಬ್ಯಾಂಕಿನ ಮುಖ್ಯ ಗಣಕಕ್ಕೆ ಒಪ್ಪಿಸಿ ಉತ್ತರ ತರುವ ಮಧ್ಯಂತರ ವ್ಯವಸ್ಥೆಯನ್ನು ವಂಚಕರು ವಶಪಡಿಸಿಕೊಂಡು, ಮುಖ್ಯ ಗಣಕಕ್ಕೆ ಸುದ್ದಿಯೇ ಮುಟ್ಟದಂತೆ ತಾವೇ ಒಪ್ಪಿಗೆ ಕೊಡುತ್ತ ಹೋದರು. ನಕಲಿ ಕಾರ್ಡುಗಳಿಂದ 28 ದೇಶಗಳಲ್ಲಿ ಕೆಲವೇ ಗಂಟೆಗಳಲ್ಲಿ ಹಣ ಹೊರಬಂದಿತು. ಸೋಮವಾರ ಸ್ವಿಫ್ಟ್ ಮೂಲಕ ಇನ್ನಷ್ಟು ಹಣ ಹಾಂಗ್‌ಕಾಂಗಿಗೆ ಹೋಗಿ, ಒಟ್ಟು ನಷ್ಟ ಸುಮಾರು 94 ಕೋಟಿ ರೂಪಾಯಿಗಳಿಗೆ ಮುಟ್ಟಿತು.

ರಕ್ಷಣೆಯ ಹೆಸರಿನಲ್ಲಿ ನೌಕರನ ಮೇಲೆ ಹೇರುವ ಹೊರೆಯೇ ರಕ್ಷಣೆಯನ್ನು ಹೇಗೆ ಕೆಡಿಸುತ್ತದೆ ಎಂಬುದಕ್ಕೆ ಪಾಸ್‌ವರ್ಡಿನ ಇತಿಹಾಸವನ್ನು ನೋಡಬಹುದು. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು ಈ ಶತಮಾನದ ಆರಂಭದ ವರ್ಷಗಳಲ್ಲಿ ಹೊರತಂದ ಮಾರ್ಗದರ್ಶಿಯ ಪ್ರಭಾವದಿಂದ, ಪಾಸ್‌ವರ್ಡಿನಲ್ಲಿ ದೊಡ್ಡಕ್ಷರ, ಅಂಕೆ, ಚಿಹ್ನೆ ಇರಲೇಬೇಕು, ಅದನ್ನು ಮೂರು ತಿಂಗಳಿಗೊಮ್ಮೆ ಬದಲಿಸಲೇಬೇಕು ಎಂಬ ಕಟ್ಟಳೆ ಜಗತ್ತಿನ ಕಚೇರಿಗಳಿಗೆಲ್ಲ ಹಬ್ಬಿತು. ಅದಕ್ಕೂ ಮೊದಲೇ, 1999ರಲ್ಲಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಆನ್ ಆಡಮ್ಸ್ ಮತ್ತು ಆಂಜೆಲಾ ಸಾಸ್ ತಮ್ಮ ಅಧ್ಯಯನದಲ್ಲಿ ಒಂದು ಎಚ್ಚರಿಕೆಯನ್ನು ನೀಡಿದ್ದರು: ಹಲವು ಪಾಸ್‌ವರ್ಡುಗಳನ್ನು ನೆನಪಿಡಬೇಕಾದ, ಪದೇ ಪದೇ ಬದಲಿಸಬೇಕಾದ ನೌಕರನು ಅವನ್ನು ಚೀಟಿಯಲ್ಲಿ ಬರೆದಿಡುತ್ತಾನೆ ಅಥವಾ ಕೊನೆಯ ಅಂಕೆಯನ್ನಷ್ಟೇ ಹೆಚ್ಚಿಸುತ್ತ ಹೋಗುತ್ತಾನೆ, ಇದು ಅವನ ಉಡಾಫೆಯಲ್ಲ, ನಿಯಮಕ್ಕೂ ಅವನ ಕೆಲಸಕ್ಕೂ ಹೊಂದಾಣಿಕೆ ಇಲ್ಲದ್ದರ ಫಲ. ಬಳಕೆದಾರರು ಶತ್ರುಗಳಲ್ಲ ಎಂಬ ಅರ್ಥದ ಶೀರ್ಷಿಕೆಯೇ ಆ ಪ್ರಬಂಧಕ್ಕೆ ಇತ್ತು. ಅದೇ ಮಾನಕ ಸಂಸ್ಥೆ 2017ರಲ್ಲಿ ತನ್ನ ನಿಯಮಗಳನ್ನು ತಿರುಗಿಸಿ ಬರೆಯಿತು: ಸೋರಿಕೆಯ ಸುಳಿವಿಲ್ಲದೆ ಪಾಸ್‌ವರ್ಡ್ ಬದಲಿಸುವಂತೆ ಒತ್ತಾಯಿಸಬಾರದು, ಚಿಹ್ನೆಗಳ ಕಟ್ಟಳೆ ಬೇಡ, ಉದ್ದವಾದ ಆದರೆ ನೆನಪಿನಲ್ಲಿ ನಿಲ್ಲುವ ಪದಗುಚ್ಛಕ್ಕೆ ಅವಕಾಶ ಇರಲಿ. ಹಳೆಯ ಮಾರ್ಗದರ್ಶಿಯನ್ನು ಬರೆದ ಬಿಲ್ ಬರ್ ಆ ವರ್ಷ ಬಹಿರಂಗವಾಗಿಯೇ ಅದರ ಬಗ್ಗೆ ವಿಷಾದ ವ್ಯಕ್ತಪಡಿಸಿದರು. ಆದರೂ ನಮ್ಮ ಅನೇಕ ಕಚೇರಿಗಳಲ್ಲಿ ಹಳೆಯ ಕಟ್ಟಳೆ ಇಂದಿಗೂ ಜಾರಿಯಲ್ಲಿರುವುದು ಖೇದದ ಸಂಗತಿ. ನಿಯಮಗಳನ್ನು ಸೇರಿಸುವುದು ಸುಲಭ, ತೆಗೆದುಹಾಕಲು ಮಾತ್ರ ಯಾರಿಗೂ ಧೈರ್ಯವಿಲ್ಲ.

ತೆಗೆದುಹಾಕುವ ಕೆಲಸ ಎಷ್ಟು ಮುಖ್ಯವೆಂಬುದು 2021ರ ಮೇ 7ರಂದು ಅಮೆರಿಕದ ಕೊಲೋನಿಯಲ್ ಪೈಪ್‌ಲೈನ್ ಕಂಪನಿಯಲ್ಲಿ ಕಂಡುಬಂದಿತು. ಕಡತಗಳಿಗೆಲ್ಲ ಬೀಗ ಹಾಕಿದಂತೆ ಮಾಡಿ ಬಿಡುಗಡೆಗೆ ಹಣ ಕೇಳುವ ರ‍್ಯಾನ್ಸಮ್‌ವೇರ್ ಎಂಬ ತಂತ್ರಾಂಶ ಅಲ್ಲಿ ದಾಳಿಯಿಟ್ಟಿತು. ದಾಳಿಕೋರರು ಒಳಬಂದದ್ದು ಹೊರಗಿನಿಂದ ಕಚೇರಿಯ ಜಾಲಕ್ಕೆ ಸೇರಲು ಹಿಂದೆ ಕೊಟ್ಟಿದ್ದ, ಬಳಕೆಯಲ್ಲಿಲ್ಲದ ಒಂದು ಖಾತೆಯ ಮೂಲಕ. ಅದಕ್ಕೆ ಪಾಸ್‌ವರ್ಡ್ ಒಂದೇ ಕಾವಲು, ಮೊಬೈಲಿಗೆ ಬರುವ ಸಂಕೇತದಂಥ ಎರಡನೆಯ ಪುರಾವೆಯ ಅಗತ್ಯವೇ ಇರಲಿಲ್ಲ. ಮನೆಯವರೆಲ್ಲ ಮರೆತ ಹಿತ್ತಿಲ ಬಾಗಿಲಿನ ಹಾಗೆ ಅದು ಉಳಿದುಕೊಂಡಿತ್ತು. ಅದೇ ಪ್ರಕರಣದ ಇನ್ನೊಂದು ಮುಖವನ್ನೂ ಹೇಳಬೇಕು. ಬೆಳಗಿನ ಜಾವ ಐದರ ಸುಮಾರಿಗೆ ನಿಯಂತ್ರಣ ಕೊಠಡಿಯ ನೌಕರನೊಬ್ಬನು ಗಣಕದ ಪರದೆಯ ಮೇಲೆ ಬೆದರಿಕೆಯ ಪತ್ರವನ್ನು ಕಂಡು ಮೇಲ್ವಿಚಾರಕನಿಗೆ ತಿಳಿಸಿದನು; ಅಪಾಯ ಕಂಡ ಯಾವ ನೌಕರನೂ ಕೆಲಸ ನಿಲ್ಲಿಸಬಹುದೆಂಬ ಅಧಿಕಾರ ಆ ಕಂಪನಿಯಲ್ಲಿ ಮೊದಲಿನಿಂದ ಇದ್ದುದರಿಂದ, ಮೇಲಿನವರ ಸಭೆ ಸೇರುವವರೆಗೆ ಕಾಯದೆ, ಆರೂ ಕಾಲಿನೊಳಗೆ 5,500 ಮೈಲಿಗಳ ಕೊಳವೆಮಾರ್ಗವನ್ನು ಸಂಪೂರ್ಣವಾಗಿ ನಿಲ್ಲಿಸಲಾಯಿತು. ಕಂಪನಿ ಬಿಡುಗಡೆಯ ಹಣವಾಗಿ 75 ಬಿಟ್‌ಕಾಯಿನ್ ತೆತ್ತದ್ದನ್ನು ಸಮರ್ಥಿಸಲಾಗದು. ಆದರೆ ನೌಕರನ ಕಣ್ಣಿಗೂ ಮಾತಿಗೂ ಬೆಲೆ ಕೊಟ್ಟ ಏರ್ಪಾಡು ಮೆಚ್ಚತಕ್ಕದ್ದು.

ನಾರ್ವೆಯ ಅಲ್ಯುಮಿನಿಯಂ ಕಂಪನಿ ನಾರ್ಸ್ಕ್ ಹೈಡ್ರೋ 2019ರ ಮಾರ್ಚ್ 19ರಂದು ಇಂಥದೇ ದಾಳಿಗೆ ತುತ್ತಾದಾಗ ಹಣ ಕೊಡಲು ನಿರಾಕರಿಸಿತು. ಯಾವ ಗಣಕವನ್ನೂ ಜಾಲಕ್ಕೆ ಸೇರಿಸಬಾರದೆಂಬ ಸೂಚನೆಯನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಬಾಗಿಲುಗಳಿಗೆ ಅಂಟಿಸಲಾಯಿತು. ಗಣಕಗಳ ನೆರವಿಲ್ಲದೆ ಕುಲುಮೆ ನಡೆಸುವುದನ್ನು ಬಲ್ಲ ಹಳಬರು, ನಿವೃತ್ತರಾಗಿದ್ದ ಕೆಲವರೂ ಸೇರಿ, ಕಾಗದದ ಲೆಕ್ಕದಲ್ಲಿ ಉತ್ಪಾದನೆಯನ್ನು ಮುಂದುವರಿಸಿದರು. ಬೇರೆಡೆ ಕಾದಿರಿಸಿದ್ದ ಪ್ರತಿಗಳಿಂದ, ಅಂದರೆ ಬ್ಯಾಕಪ್‌ನಿಂದ, ಮಾಹಿತಿಯನ್ನು ಮರಳಿ ಕಟ್ಟಲಾಯಿತು. ಕಂಪನಿ ನಡೆದದ್ದನ್ನು ಮುಚ್ಚಿಡದೆ ಲೋಕಕ್ಕೆ ತಿಳಿಸುತ್ತ ಹೋಯಿತು. ನಷ್ಟ ಕೋಟ್ಯಂತರ ಡಾಲರುಗಳಷ್ಟಾದರೂ ಸಂಸ್ಥೆ ನಿಂತಿತು.

ಕರ್ನಾಟಕದ ಅನುಭವದಲ್ಲಿಯೂ ಈ ವಿಷಯಕ್ಕೆ ಸಂಬಂಧಿಸಿದ ಒಂದು ಗಮನಾರ್ಹ ಉದಾಹರಣೆಯಿದೆ. ಈ ಶತಮಾನದ ಆರಂಭದಲ್ಲಿ ಜಾರಿಗೆ ಬಂದ ಭೂಮಿ ಯೋಜನೆಯು ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ತಂದಿತು. ಅದುವರೆಗೆ ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ ದಾಖಲೆಗಳನ್ನು ತಾಲ್ಲೂಕು ಕಚೇರಿಯ ಗಣಕದಲ್ಲಿ ತಿದ್ದುವ ಅಧಿಕಾರ ಯಾರಿಗೆ ಎಂಬ ಪ್ರಶ್ನೆ ಬಂದಾಗ, ಗಣಕಕ್ಕೇ ಹೊಸಬರಾದ ನೌಕರರಿಗೆ ಪಾಸ್‌ವರ್ಡುಗಳನ್ನು ಹಂಚುವ ಬದಲು ಬೆರಳಚ್ಚಿನ ಗುರುತನ್ನು ಅಳವಡಿಸಲಾಯಿತು. ಬೆರಳನ್ನು ಸಹೋದ್ಯೋಗಿಗೆ ಎರವಲು ಕೊಡಲಾಗುವುದಿಲ್ಲ, ಮರೆಯುವ ಪ್ರಶ್ನೆಯೂ ಇಲ್ಲ. ಯಾವ ನಮೂದನ್ನು ಯಾರು ಮಾಡಿದರೆಂಬುದು ದಾಖಲಾಗಿ ಉಳಿಯುತ್ತಿದ್ದುದರಿಂದ ನಾನು ಮಾಡಲಿಲ್ಲ ಎಂದು ಜಾರಿಕೊಳ್ಳುವುದೂ ಕಷ್ಟವಾಯಿತು. ಬೆರಳಚ್ಚಿಗೂ ಮಿತಿಗಳಿವೆ, ಅದು ಸೋರಿಹೋದರೆ ಪಾಸ್‌ವರ್ಡಿನಂತೆ ಬದಲಿಸಿಕೊಳ್ಳಲಾಗದು. ಆದರೆ ಇಲ್ಲಿ ಮುಖ್ಯವಾದದ್ದು ಆ ಏರ್ಪಾಡಿನ ಹಿಂದಿನ ವಿವೇಚನೆ. ಪರದೆಯ ಮೇಲಿನ ಭಾಷೆ ಕನ್ನಡವಾಗಿತ್ತು ಎಂಬುದನ್ನೂ ಮರೆಯುವಂತಿಲ್ಲ. ಇಂದು ರಾಜ್ಯದ ಪ್ರಾಥಮಿಕ ಪತ್ತಿನ ಸಹಕಾರ ಸಂಘದಿಂದ ಗ್ರಾಮ ಪಂಚಾಯಿತಿಯವರೆಗೆ ಗಣಕವಿಲ್ಲದ ಕಚೇರಿ ವಿರಳ. ಆದರೆ ಭದ್ರತೆಯ ಸುತ್ತೋಲೆಗಳು ಬಹುಪಾಲು ಇಂಗ್ಲಿಷಿನಲ್ಲಿ, ಅದೂ ತಜ್ಞರು ತಜ್ಞರಿಗಾಗಿ ಬರೆದಂತೆ ಬರುತ್ತವೆ. ಓದಲಾಗದ ನಿಯಮವನ್ನು ಪಾಲಿಸಲಿಲ್ಲವೆಂದು ನೌಕರನನ್ನು ದೂರುವುದು ಅನ್ಯಾಯ.

ಇದಕ್ಕಿಂತ ಹೆಚ್ಚಿನ ಕೇಡು ಭಯದಿಂದ ಆಗುತ್ತದೆ. ನೌಕರರನ್ನು ಪರೀಕ್ಷಿಸಲು ಸಂಸ್ಥೆಗಳು ತಾವೇ ನಕಲಿ ಫಿಶಿಂಗ್ ಸಂದೇಶಗಳನ್ನು ಕಳಿಸುವ ಪದ್ಧತಿ ಈಗ ವ್ಯಾಪಕವಾಗಿದೆ. ಕಲಿಸುವ ಉದ್ದೇಶದಿಂದ ನಡೆದರೆ ಅದರಲ್ಲಿ ತಪ್ಪಿಲ್ಲ. ಆದರೆ ಮೋಸಹೋದವರ ಹೆಸರನ್ನು ಎಲ್ಲರೆದುರು ಓದುವುದು, ಬಡ್ತಿಗೆ ಅದನ್ನು ತಳುಕುಹಾಕುವುದು ನಡೆದಾಗ, ನಿಜವಾದ ದಾಳಿಯ ದಿನ ತಪ್ಪು ಗುಂಡಿ ಒತ್ತಿದವನು ಬಾಯಿ ಬಿಡುವುದಿಲ್ಲ. ದಾಳಿಕೋರನಿಗೆ ಆ ಮೌನಕ್ಕಿಂತ ದೊಡ್ಡ ಸಹಾಯ ಬೇರೆ ಇಲ್ಲ. ಮೇಲಧಿಕಾರಿಯ ಹೆಸರಿನಲ್ಲಿ ತುರ್ತಾಗಿ ಹಣ ಕಳಿಸಿರೆಂದು ಸಂದೇಶ ಬಂದಾಗ, ಅದೇ ಅಧಿಕಾರಿಗೆ ದೂರವಾಣಿ ಮಾಡಿ ನಿಜವೇ ಎಂದು ವಿಚಾರಿಸುವ ಗುಮಾಸ್ತನಿಗೆ ಗದರಿಕೆ ಕಾದಿದ್ದರೆ ಯಾವ ಫೈರ್‌ವಾಲೂ ಆ ಹಣವನ್ನು ಉಳಿಸಲಾರದು. ಹಾಗೆ ವಿಚಾರಿಸುವುದು ಉದ್ಧಟತನವಲ್ಲ, ಕರ್ತವ್ಯ ಎಂದು ಅಧಿಕಾರಿಯೇ ಮುಂಚಿತವಾಗಿ, ಲಿಖಿತವಾಗಿ ತಿಳಿಸಿರಬೇಕಾಗುತ್ತದೆ.

ಭಾರತದ ಸೈಬರ್ ತುರ್ತುಸ್ಪಂದನ ಸಂಸ್ಥೆಯಾದ ಸರ್ಟ್-ಇನ್, 2022ರ ಏಪ್ರಿಲ್ 28ರ ತನ್ನ ನಿರ್ದೇಶನದಲ್ಲಿ, ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದು ಸಂಸ್ಥೆಗಳಿಗೆ ಆಜ್ಞಾಪಿಸಿದೆ. ಹಣದ ವಂಚನೆಗೊಳಗಾದ ಸಾರ್ವಜನಿಕರಿಗೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ. ಆ 6 ಗಂಟೆಗಳ ಗಡುವನ್ನು ಪಾಲಿಸಬೇಕಾದರೆ, ಮೊದಲು ಅನುಮಾನಪಟ್ಟ ನೌಕರನಿಂದ ತೀರ್ಮಾನ ಕೈಗೊಳ್ಳುವ ಅಧಿಕಾರಿಯವರೆಗೆ ಸುದ್ದಿ ನಿಮಿಷಗಳಲ್ಲಿ ಮುಟ್ಟಬೇಕು. ಯಾರಿಗೆ ಹೇಳಬೇಕು, ಹೇಳುವವರೆಗೆ ಗಣಕವನ್ನು ಏನು ಮಾಡಬೇಕು, ಅವರು ಸಿಗದಿದ್ದರೆ ಮುಂದಿನವರು ಯಾರು ಎಂಬ ಮೂರು ಸಾಲುಗಳು ಪ್ರತಿ ಮೇಜಿನ ಬಳಿ ನೌಕರನ ಭಾಷೆಯಲ್ಲೇ ಬರೆದಿರಬೇಕು, ಮತ್ತು ಅಲ್ಲಿ ನಮೂದಾದ ಸಂಖ್ಯೆಗೆ ಎರಡನೆಯ ಶನಿವಾರವೂ ಉತ್ತರ ದೊರೆಯುತ್ತದೆಯೇ ಎಂಬುದನ್ನು ಸಂಸ್ಥೆ ಆಗಾಗ ಕರೆಮಾಡಿ ಪರೀಕ್ಷಿಸುತ್ತಿರಬೇಕು.